ಯೂನಿಟೇರಿಯನ್: ‘ಏಕದೇವವಾದಿ’ ಎಂದರೆ ಸಾಕೇ?

ಮಾನ್ಯರೇ,

ಅಮೆರಿಕದ ಚಿಂತಕ ಎಮರ್ಸನ್ ಅವರ ಬದುಕನ್ನು ಕುರಿತು ಬರೆಯುತ್ತಿದ್ದೇನೆ. ಅವರು 1829ರಿಂದ 1832ರವರೆಗೆ ಬಾಸ್ಟನ್ನಿನ ಯೂನಿಟೇರಿಯನ್ ಸಭೆಯೊಂದರ (ಚರ್ಚಿನ) ಪಾಲಕರಾಗಿದ್ದರು, ಅಂದರೆ ಪಾದ್ರಿಯಾಗಿದ್ದರು, ಎಂಬ ವಾಕ್ಯದಲ್ಲಿ, ‘ಯೂನಿಟೇರಿಯನ್’ ಎಂಬ ಕ್ರೈಸ್ತ ಪಂಥದ ಹೆಸರಿಗೆ ಕನ್ನಡ ಪದ ಸಿಗದೆ ಬರವಣಿಗೆ ನಿಂತಿದೆ. ‘ಏಕದೇವವಾದಿ’ ಎಂದು ಬರೆದರೆ ಓದಲು ಸಲೀಸು, ಆದರೆ ಅರ್ಥ ಕೆಡುತ್ತದೆ. ತಂದೆ, ಮಗ, ಪವಿತ್ರಾತ್ಮ ಎಂಬ ತ್ರಿಯೇಕ ದೇವರನ್ನು ನಂಬುವ ಕ್ರೈಸ್ತರೂ ದೇವರು ಒಬ್ಬನೇ ಎನ್ನುವವರೇ ಆಗಿದ್ದಾರೆ. ಯೂನಿಟೇರಿಯನ್ನರು ನಿರಾಕರಿಸಿದ್ದು ಆ ತ್ರಿಯೇಕತ್ವವನ್ನು. ‘ಏಕತ್ವವಾದಿ’ ಎಂದರೆ ನಮ್ಮ ಓದುಗರ ಮನಸ್ಸು ನೇರವಾಗಿ ಅದ್ವೈತಕ್ಕೆ ಹೋಗುತ್ತದೆ. ಎಮರ್ಸನ್ ಮುಂದೆ ಗೀತೆಯನ್ನು ಮೆಚ್ಚಿದವರಾದ್ದರಿಂದ ಆ ತಪ್ಪು ತಿಳಿವಳಿಕೆ ಗಟ್ಟಿಯಾಗಿ ಬೇರೂರುವ ಭಯವೂ ಇದೆ.

ಈ ಹೆಸರಿಗೊಂದು ಇತಿಹಾಸವಿದೆ. 1815ರಲ್ಲಿ ಜೆಡಿಡಯಾ ಮೋರ್ಸ್ ಎಂಬ ಸಂಪ್ರದಾಯನಿಷ್ಠ ಪಾದ್ರಿ ಪುಸ್ತಿಕೆಯೊಂದನ್ನು ಪ್ರಕಟಿಸಿ, ಬಾಸ್ಟನ್ನಿನ ಉದಾರಪಂಥದ ಪಾಲಕರ ಮೇಲೆ ಇದನ್ನು ಆರೋಪವಾಗಿ ಹೊರಿಸಿದರು. ಯೇಸುವನ್ನು ಕೇವಲ ಮನುಷ್ಯನೆಂದು ಕಾಣುತ್ತಿದ್ದ ಇಂಗ್ಲೆಂಡಿನ ಯೂನಿಟೇರಿಯನ್ನರ ಸಾಲಿಗೆ ತಮ್ಮವರನ್ನು ಸೇರಿಸಿದ್ದನ್ನು ಆ ಉದಾರಪಂಥದ ಮುಂದಾಳು ವಿಲಿಯಂ ಎಲರಿ ಚಾನಿಂಗ್ ಮೊದಲು ಬಲವಾಗಿ ಪ್ರತಿಭಟಿಸಿದರು. ಆದರೆ 1819ರ ಮೇ 5ರಂದು, ಬಾಲ್ಟಿಮೋರಿನಲ್ಲಿ ಜೇರೆಡ್ ಸ್ಪಾರ್ಕ್ಸ್ ಅವರ ಪಾಲಕದೀಕ್ಷೆಯ ಪ್ರಸಂಗದಲ್ಲಿ, ಅವರೇ ಅದನ್ನು ತಮ್ಮ ಪಂಥದ ಹೆಸರಾಗಿ ಎತ್ತಿಹಿಡಿದರು. ಬೈಗುಳದಂತೆ ಬಂದ ಹೆಸರನ್ನು ಹೀಗೆ ಹೆಮ್ಮೆಯಿಂದ ಧರಿಸಿದ ಈ ತಿರುವು ನನಗೆ ಬಹಳ ಮುಖ್ಯವೆನಿಸುತ್ತದೆ, ಮತ್ತು ಅನುವಾದಿಸಿದ ಪದದಲ್ಲಿ ಅದು ಅಳಿಸಿಹೋಗುತ್ತದೆ.

ಇನ್ನೊಂದು ತೊಡಕು, ಈ ಪದ ನಂಬಿಕೆಯನ್ನೂ ಸೂಚಿಸುತ್ತದೆ, ಸಭೆಯ ಸದಸ್ಯತ್ವವನ್ನೂ ಸೂಚಿಸುತ್ತದೆ. ಆಗ ಬದುಕಿದ್ದ ಯುವಕರೆಲ್ಲರೂ ಯೂನಿಟೇರಿಯನ್ನರಾಗಿಯೇ ಸಾಯುವರೆಂದು 1822ರಲ್ಲಿ ಭರವಸೆಯಿಂದ ಬರೆದ, ಹಿಂದೆ ಅಮೆರಿಕದ ಅಧ್ಯಕ್ಷರಾಗಿದ್ದ ಜೆಫರ್ಸನ್ ಯಾವ ಯೂನಿಟೇರಿಯನ್ ಸಭೆಗೂ ಸೇರಿದವರಲ್ಲ. ಮುಂದೆ ಅಧ್ಯಕ್ಷರಾದ ಟಾಫ್ಟ್ ಎರಡೂ ಅರ್ಥದಲ್ಲಿ ಯೂನಿಟೇರಿಯನ್. ಗುಲಾಮಗಿರಿಯ ವಿರುದ್ಧ ಹೋರಾಡಿದ ಥಿಯೊಡೋರ್ ಪಾರ್ಕರ್ ಸಭೆಯೊಳಗೇ ಇದ್ದರೂ, ಅವರ ನಂಬಿಕೆಗಳಿಗಾಗಿ ಸಹಪಾಲಕರಲ್ಲಿ ಅನೇಕರು ಅವರನ್ನು ದೂರವಿಟ್ಟರು.

1961ರಲ್ಲಿ ಅಮೆರಿಕದ ಈ ಸಭೆಗಳು ಯೂನಿವರ್ಸಲಿಸ್ಟರೆಂಬ ಇನ್ನೊಂದು ಪಂಥದವರೊಡನೆ ಒಂದಾದವು. ಎಲ್ಲರಿಗೂ ಮುಕ್ತಿ ಉಂಟು ಎಂಬ ಅವರ ತತ್ತ್ವಕ್ಕೆ ‘ಸರ್ವಮುಕ್ತಿವಾದ’ ಸರಿಹೊಂದೀತು. ಆದರೆ ಈ ಕೂಡುಸಭೆಗಳಲ್ಲಿ ಇಂದು ನಿರೀಶ್ವರವಾದಿಗಳೂ ಇರುವುದರಿಂದ, ‘ಏಕದೇವ’ ಎಂಬ ಮಾತು ಇಲ್ಲಿ ಇನ್ನಷ್ಟು ಅಸಂಗತವಾಗುತ್ತದೆ.

ಆದ್ದರಿಂದ ಪಂಥದ ಹೆಸರಾಗಿ ‘ಯೂನಿಟೇರಿಯನ್’ ಎಂಬುದನ್ನೇ ಉಳಿಸಿಕೊಂಡು, ತತ್ತ್ವವನ್ನು ಹೇಳುವಾಗ ಮಾತ್ರ ‘ತ್ರಿಯೇಕತ್ವ ನಿರಾಕರಣೆ’ ಎಂದು ಬಳಸಬೇಕೆಂದಿದ್ದೇನೆ. ನಿರಾಕರಣೆಯಿಂದಲೇ ಒಂದು ನಂಬಿಕೆಯನ್ನು ಹೆಸರಿಸುವುದು ಆ ಜನರಿಗೆ ನ್ಯಾಯವಲ್ಲವೆಂಬ ಅಳುಕು ನನಗಿದೆ. ಮಂಗಳೂರು, ಧಾರವಾಡದ ಬಾಸೆಲ್ ಮಿಷನ್ ಪರಂಪರೆಯ ಹಳೆಯ ಕನ್ನಡ ಗ್ರಂಥಗಳಲ್ಲಿ ಇದಕ್ಕೆ ಬೇರೆ ಪದವನ್ನು ಕಂಡವರು ದಯವಿಟ್ಟು ವಾಕ್ಯಸಹಿತ ತಿಳಿಸಬೇಕೆಂದು ಕೋರುತ್ತೇನೆ.