11 ವರ್ಷದ ಕೆಲಸಕ್ಕೆ ಕ್ರೆಡಿಟ್ ಕೇಳಿದೆ, ಅರ್ಜಿ ವಾಪಸ್ ಬಂತು. ಏನು ಮಾಡಲಿ?

ಲೆಡ್ಜರ್‌ಪುಟ:
ನಮಸ್ಕಾರ. 11 ವರ್ಷದಿಂದ ಒಂದು ಸಣ್ಣ ಕಂಪನಿಯ ಲೆಕ್ಕ ನೋಡಿಕೊಳ್ಳುತ್ತಿದ್ದೇನೆ. ಡಿಗ್ರಿ ಅರ್ಧಕ್ಕೇ ಬಿಟ್ಟಿದ್ದೆ, ಈಗ ಮತ್ತೆ ಕಾಮರ್ಸ್‌ಗೆ ಸೇರಿದ್ದೇನೆ. ಕೆಲಸದಲ್ಲಿ ಕಲಿತದ್ದಕ್ಕೂ ಕ್ರೆಡಿಟ್, ಅಂದರೆ ಡಿಗ್ರಿಯ ಲೆಕ್ಕಕ್ಕೆ ಸೇರೋ ಪಾಯಿಂಟ್, ಕೊಡ್ತೀವಿ ಅಂತ ಕಾಲೇಜಿನವರು ಅಂದರು. ರಾತ್ರಿ ಕೂತು 30 ಪುಟ ಬರೆದೆ, ಯಾವ ವರ್ಷ ಯಾವ ಹುದ್ದೆ, ಎಷ್ಟು ಜನ ಹೊಸಬರಿಗೆ ಕೆಲಸ ಹೇಳಿಕೊಟ್ಟೆ, ಅನುಭವ ಪತ್ರ, ಎಲ್ಲ ಇಟ್ಟೆ. ಒಂದೇ ಸಾಲಿನ ಉತ್ತರ ಬಂತು: ಅನುಭವ ಕಾಣುತ್ತದೆ, ಕಲಿಕೆ ಕಾಣುವುದಿಲ್ಲ. ತುಂಬಾ ಬೇಜಾರಾಯಿತು. ದಿನಾ ಮಾಡೋ ಕೆಲಸವನ್ನೇ ಒಂದು ಸೆಮಿಸ್ಟರ್ ಕೂತು ಮತ್ತೆ ಕೇಳಬೇಕಾ? ಯಾರಾದರೂ ಇದನ್ನು ದಾಟಿ ಬಂದಿದ್ದೀರಾ?

ಕೆಂಪುಶಾಯಿ:
ಇಂಥ ಅರ್ಜಿಗಳನ್ನು ಕೆಲವು ವರ್ಷ ನೋಡಿದ್ದೇನೆ, ಅದಕ್ಕೇ ಹೇಳುತ್ತೇನೆ, ಆ ಸಾಲನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅನುಭವದಿಂದ ಕಲಿತದ್ದಕ್ಕೆ ಕ್ರೆಡಿಟ್ ಕೊಡೋ ಬಗ್ಗೆ, ಅಮೆರಿಕದಲ್ಲಿ 1974ರಲ್ಲಿ ಶುರುವಾದ ಸಿಎಇಎಲ್ ಅನ್ನೋ ಸಂಸ್ಥೆಯ ನಿಯಮಗಳಲ್ಲಿ ಮೊದಲನೆಯದೇ ಇದು: ಕ್ರೆಡಿಟ್ ಕಲಿತದ್ದಕ್ಕೆ, ಕಳೆದ ಸಮಯಕ್ಕಲ್ಲ. ಬೇರೆ ಕಡೆಯೂ ಹೆಚ್ಚುಕಡಿಮೆ ಹೀಗೇ ನೋಡುತ್ತಾರೆ.

"ಪ್ರತಿ ತಿಂಗಳು ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ನೋಡುತ್ತಿದ್ದೆ" ಅಂತ ನೀವು ಬರೆದಿರುತ್ತೀರಿ, ಅಲ್ವಾ? ಅದನ್ನೇ ಹೀಗೆ ಬರೆಯಿರಿ. ಒಂದು ತಿಂಗಳು 900 ವ್ಯತ್ಯಾಸ ಬಂತು. 900 ಒಂಬತ್ತರಿಂದ ಭಾಗವಾಗುತ್ತದೆ, ಹಾಗಾದರೆ ಎಲ್ಲೋ ಅಂಕಿ ಅದಲುಬದಲಾಗಿರಬಹುದು ಅಂತ ಹುಡುಕಿದೆ, 5,400 ಬರೆಯೋ ಕಡೆ 4,500 ಅಂತ ಬಿದ್ದಿತ್ತು, ಸರಿಪಡಿಸೋ ಎಂಟ್ರಿಯನ್ನು ಹೀಗೆ ಹಾಕಿದೆ, ಯಾಕೆ ಹಾಗೆ ಹಾಕಿದೆ ಅಂದರೆ ಇದಕ್ಕೆ. ಜೊತೆಗೆ ಆ ಹಾಳೆಯ ಪ್ರತಿ ಇಡಿ, ಗಿರಾಕಿಗಳ ಹೆಸರು ಮಾತ್ರ ಕಪ್ಪು ಮಾಡಿ. ಓದುವವರಿಗೆ ನಿಮ್ಮ ತಲೆ ಓಡಿದ ದಾರಿ ಕಾಣಬೇಕು.

ಕೋರ್ಸಿನ ಸಿಲಬಸ್‌ನಲ್ಲಿ "ಇದು ಮುಗಿದಾಗ ವಿದ್ಯಾರ್ಥಿಗೆ ಇಷ್ಟು ಗೊತ್ತಿರಬೇಕು" ಅಂತ ಒಂದು ಭಾಗ ಇರುತ್ತದೆ. ಅದರ ಒಂದೊಂದು ಸಾಲಿಗೂ ನಿಮ್ಮ ಒಂದು ಘಟನೆ, ಒಂದು ದಾಖಲೆ ಹೊಂದಿಸಿ. ಮೇಲಧಿಕಾರಿಯ ಪತ್ರದಲ್ಲಿ "ಪ್ರಾಮಾಣಿಕರು, ಶ್ರಮಜೀವಿ" ಅಂತ ಇದ್ದರೆ ಉಪಯೋಗವಿಲ್ಲ. ಯಾವ ಕೆಲಸವನ್ನು ಯಾರ ಸಹಾಯವಿಲ್ಲದೆ ಮಾಡುತ್ತಿದ್ದಿರಿ ಅಂತ ಬರೆಸಿ.

ಸಂಜೆಕ್ಲಾಸು:
ಪರೀಕ್ಷೆ ಬರೆದು ಕ್ರೆಡಿಟ್ ತಗೊಳ್ಳೋ ದಾರಿ ಇದೆಯಾ ಅಂತಲೂ ಕೇಳಿ. ಅಮೆರಿಕದಲ್ಲಿ 1967ರಿಂದ ಕ್ಲೆಪ್ ಪರೀಕ್ಷೆ ಇದೆ, ಅದರಲ್ಲಿ ಹಣಕಾಸು ಲೆಕ್ಕಶಾಸ್ತ್ರವೂ ಒಂದು ವಿಷಯ. ಕ್ಲಾಸಿಗೆ ಹೋಗಿರಬೇಕು ಅಂತೇನಿಲ್ಲ, ಪಾಸಾದರೆ ಅದನ್ನು ಒಪ್ಪೋ ಕಾಲೇಜಿನಲ್ಲಿ ಕ್ರೆಡಿಟ್. ಪುಸ್ತಕದ ಹಾಗೇ ಇರೋ ವಿಷಯಕ್ಕೆ 30 ಪುಟ ಬರೆಯೋದಕ್ಕಿಂತ ಇದು ಸುಲಭ.

ಪಾಳಿಕೆಲಸ:
ನಾನು ಪೆಟ್ಟು ತಿಂದದ್ದು ಬೇರೆ ಕಡೆ. ನನಗೆ 12 ಕ್ರೆಡಿಟ್ ಕೊಟ್ಟರು, ಖುಷಿಯಿಂದ ಮನೆಯಲ್ಲೆಲ್ಲ ಹೇಳಿದ್ದೆ. ಆಮೇಲೆ ನೋಡಿದರೆ ಅಷ್ಟೂ ಐಚ್ಛಿಕ ವಿಷಯದ ಲೆಕ್ಕಕ್ಕೆ ಹೋಗಿತ್ತು, ಕಡ್ಡಾಯ ವಿಷಯ ಒಂದೂ ಕಮ್ಮಿಯಾಗಲಿಲ್ಲ. ಅದಕ್ಕೇ ಫೀಸು ಕಟ್ಟೋ ಮೊದಲೇ ಬರವಣಿಗೆಯಲ್ಲಿ ಕೇಳಿ: ಈ ಕ್ರೆಡಿಟ್ ಯಾವ ಕೋರ್ಸಿನ ಬದಲಿಗೆ? ಹೆಚ್ಚೆಂದರೆ ಎಷ್ಟು ಸಿಗುತ್ತದೆ? ಮುಂದೆ ಬೇರೆ ಕಡೆ ಹೋದರೆ ಇದನ್ನು ಒಪ್ಪುತ್ತಾರಾ? ಮೂರನೆಯದಕ್ಕೆ ಸುಮಾರು ಸಲ ಇಲ್ಲ ಅನ್ನೋ ಉತ್ತರವೇ ಬರುತ್ತದೆ.

ಲೆಡ್ಜರ್‌ಪುಟ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೆಂಪುಶಾಯಿ ಅವರೇ, ಸಿಲಬಸ್ ತೆಗೆದು ನೋಡಿದೆ. ಒಂಬತ್ತು ಸಾಲು ಇದೆ. ಏಳಕ್ಕೆ ನನ್ನ ಹತ್ತಿರ ಹಾಳೆ ಇದೆ. ಸವಕಳಿ ಲೆಕ್ಕ, ಷೇರು ಬಂಡವಾಳ, ಈ ಎರಡು ನಾನು ಮುಟ್ಟಿಯೇ ಇಲ್ಲ, ಅದನ್ನು ಆಡಿಟರ್ ನೋಡುತ್ತಿದ್ದರು. ಬಿಟ್ಟುಬಿಡಲಾ?

ಕೆಂಪುಶಾಯಿ:
ಬಿಡಬೇಡಿ, ಮುಚ್ಚಿಡಲೂ ಬೇಡಿ. ಗೊತ್ತಿಲ್ಲ ಅಂತಲೇ ಬರೆಯಿರಿ. ಫ್ರಾನ್ಸಿನಲ್ಲಿ 2002ರ ಕಾನೂನಿನ ಪ್ರಕಾರ ಅನುಭವದ ಮೇಲೆ ಪೂರ್ತಿ ಡಿಗ್ರಿಯನ್ನೇ ಕೇಳಬಹುದು, ಅಲ್ಲೂ ತಜ್ಞರ ಮಂಡಳಿ ಒಂದು ಭಾಗ ಒಪ್ಪಿ ಉಳಿದದ್ದನ್ನು ಓದಿಕೊಂಡು ಬನ್ನಿ ಅನ್ನುವುದುಂಟು. ನಿಮ್ಮಲ್ಲೂ ಹಾಗೆ ಮಾಡುತ್ತಾರಾ ಅಂತ ಅರ್ಜಿ ಹಾಕೋ ಮೊದಲೇ ವಿಭಾಗದಲ್ಲಿ ಕೇಳಿ. ಅಷ್ಟರಲ್ಲಿ ಸವಕಳಿ ಓದಿಕೊಳ್ಳಿ, ನಿಮಗೆ ಎರಡು ವಾರ ಸಾಕು. ಏಳು ಸಾಲು ಬರೆದಾದ ಮೇಲೆ ಇಲ್ಲಿ ಒಂದನ್ನು ಹಾಕಿ, ನೋಡಿ ಹೇಳುತ್ತೇನೆ.