ಕೆಂಪುಕಲ್ಲಿನ ಹಳೆಯ ಮನೆಗೆ ವೈಫೈ: ಮೆಶ್ ಸಾಕೇ, ಕೇಬಲ್ ಬೇಕೇ?

ಪ್ರಶ್ನೆ: ಪುತ್ತೂರಿನ ಸಮೀಪದ ನಮ್ಮ ಮನೆಯ ಗೋಡೆಗಳು ಒಂದೂವರೆ ಅಡಿ ದಪ್ಪದ ಕೆಂಪುಕಲ್ಲಿನವು. ಫೈಬರ್ ರೂಟರ್ ಚಾವಡಿಯಲ್ಲಿದೆ. ಮಹಡಿಯಲ್ಲಿ ಮಗಳು ಓದುವ ಕೋಣೆಗೆ ಸಿಗ್ನಲ್ ತಲುಪುವುದಿಲ್ಲ. ರಿಪೀಟರ್ (ವೈಫೈ ಸಿಗ್ನಲನ್ನು ಪಡೆದು ಮುಂದಕ್ಕೆ ಕಳುಹಿಸುವ ಪೆಟ್ಟಿಗೆ) ಹಾಕಿದ ಮೇಲೆ ಮೊಬೈಲಿನಲ್ಲಿ ಗೆರೆಗಳು ಪೂರ್ತಿ ಕಂಡರೂ ಪಾಠದ ವೀಡಿಯೊ ನಿಂತು ನಿಂತು ಬರುತ್ತದೆ. ಮೆಶ್ (ಮನೆಯ ಹಲವೆಡೆ ಇಟ್ಟು ಒಂದೇ ವೈಫೈ ಜಾಲವಾಗಿ ಕೆಲಸ ಮಾಡುವ ಪೆಟ್ಟಿಗೆಗಳು) ಕೊಳ್ಳುವುದು ಸರಿಯೇ?

ಉತ್ತರ 1: ಆ ಗೆರೆಗಳು ತೋರಿಸುವುದು ಮೊಬೈಲಿಗೂ ರಿಪೀಟರಿಗೂ ನಡುವಣ ಸಿಗ್ನಲನ್ನೇ ಹೊರತು, ರಿಪೀಟರಿಗೆ ರೂಟರಿನಿಂದ ಎಷ್ಟು ಸಿಗುತ್ತಿದೆ ಎಂಬುದನ್ನಲ್ಲ. ಒಂದೇ ರೇಡಿಯೊದಲ್ಲಿ ಪಡೆದು ಅದರಲ್ಲೇ ಮರಳಿ ಕಳುಹಿಸುವ ರಿಪೀಟರುಗಳಲ್ಲಿ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. 5 ಗಿಗಾಹರ್ಟ್ಸ್ ಅಲೆಗಳು 2.4 ಗಿಗಾಹರ್ಟ್ಸ್ ಅಲೆಗಳಿಗಿಂತ ಗೋಡೆಯಲ್ಲಿ ಹೆಚ್ಚು ಕ್ಷೀಣಿಸುವುದರಿಂದ, ನಿಮ್ಮಂಥ ಮನೆಯಲ್ಲಿ ಕೇಬಲ್ ಇಲ್ಲದ ಮೆಶ್‌ಗೂ ಇದೇ ತೊಡಕು ಎದುರಾಗಬಹುದು.

ಉತ್ತರ 2: ನನ್ನ ಸ್ಪಷ್ಟ ಸಲಹೆಯೆಂದರೆ ಕೇಬಲ್. ಚಾವಡಿಯಿಂದ ಮಹಡಿಗೆ ಕ್ಯಾಟ್ 6 ಎಂಬ ನೆಟ್‌ವರ್ಕ್ ಕೇಬಲ್ ಎಳೆಸಿ, ಅಲ್ಲೊಂದು ಆಕ್ಸೆಸ್ ಪಾಯಿಂಟ್ (ಕೇಬಲಿನಿಂದ ಬಂದ ಇಂಟರ್‌ನೆಟ್ಟನ್ನು ವೈಫೈಯಾಗಿ ಹರಡುವ ಪೆಟ್ಟಿಗೆ) ಕೂರಿಸಿ. 100 ಮೀಟರಿನವರೆಗೂ ಈ ಕೇಬಲ್ ಸೆಕೆಂಡಿಗೆ 1 ಗಿಗಾಬಿಟ್ ವೇಗವನ್ನು ಸಾಗಿಸಬಲ್ಲದು. ಎರಡೂ ಕಡೆಯ ವೈಫೈಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಡಿ. ಕೇಬಲನ್ನು ವಿದ್ಯುತ್ ತಂತಿಯ ಪೈಪಿನೊಳಗೆ ತೂರಿಸಬೇಡಿ. ನಮ್ಮ ಕಡೆಯ ಸಿಡಿಲನ್ನು ನೆನೆದು, ಮನೆಯ ಹೊರಗಿನಿಂದಲೂ ಒಯ್ಯಬೇಡಿ.

ಪ್ರಶ್ನೆ ಕೇಳಿದವರು: ಮರದ ಮುಚ್ಚಿಗೆಯ ಮೂಲೆಯಲ್ಲಿ ದಾರಿಯಿದೆ, ಗೋಡೆ ಕೊರೆಯಬೇಕಾಗಿಲ್ಲ. ಹಳೆಯ ರೂಟರನ್ನೇ ಆಕ್ಸೆಸ್ ಪಾಯಿಂಟ್ ಆಗಿ ಬಳಸಬಹುದೇ?

ಉತ್ತರ 2: ಅದರ ಸೆಟ್ಟಿಂಗಿನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಧಾರಾಳವಾಗಿ ಬಳಸಬಹುದು.