ಬೀದರಿಗೆ ಒಂದೂವರೆ ದಿನ: ಏನು ನೋಡೋದು, ಏನು ಬಿಡೋದು?

ಪ್ರಶ್ನೆ (ಮೈಸೂರಿನಿಂದ): ಭಾನುವಾರ ಸಂಜೆ ಕಲಬುರಗಿಯಲ್ಲಿ ನೆಂಟರ ಮದುವೆಯ ಆರತಕ್ಷತೆ. ಅದಕ್ಕೂ ಮೊದಲು ಬೀದರ್ ನೋಡಬೇಕೆಂದು ಬಹಳ ದಿನದ ಆಸೆ. ಶನಿವಾರ ಬೆಳಿಗ್ಗೆ ರೈಲಿನಲ್ಲಿ ತಲುಪಿ, ಭಾನುವಾರ ಮಧ್ಯಾಹ್ನ ಕಾರಿನಲ್ಲಿ ಹೊರಡುತ್ತೇವೆ. ಜೊತೆಗೆ ಮಂಡಿನೋವಿರುವ ಅಮ್ಮ, ಐದನೇ ಕ್ಲಾಸಿನ ಮಗಳು. ಬಸವಕಲ್ಯಾಣವನ್ನೂ ಸೇರಿಸಿಕೊಳ್ಳಬಹುದಾ? ಹೋಗಿಬಂದವರು ದಯವಿಟ್ಟು ಹೇಳಿ.

ಉತ್ತರ (ಹೈದರಾಬಾದಿನಲ್ಲಿರುವ ಕನ್ನಡಿಗ):
ಬಸವಕಲ್ಯಾಣ ಈ ಸಲ ಬೇಡ. ಹುಮನಾಬಾದಿನಿಂದ ಪಶ್ಚಿಮಕ್ಕೆ ಹೊರಳಿ ಮತ್ತೆ ವಾಪಸ್ ಬರಬೇಕು, ಅಮ್ಮನಿಗೆ ಇಡೀ ದಿನ ಕಾರಲ್ಲೇ ಕಳೆದುಹೋಗುತ್ತದೆ. ಅಲ್ಲಿಗೆ ಬೇರೆಯಾಗಿಯೇ ಬನ್ನಿ. ಬೀದರನ್ನು ಅರ್ಧ ದಿನದಲ್ಲಿ ಮುಗಿಸುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಶನಿವಾರ ತಿಂಡಿ ಆದ ಕೂಡಲೇ ಕೋಟೆಗೆ ಹೋಗಿ. ಜಂಬಿಟ್ಟಿಗೆಯ ಬಂಡೆಯನ್ನೇ ಕಡಿದು ತೋಡಿದ ಮೂರು ಸಾಲಿನ ಕಂದಕವನ್ನು ಮಗಳಿಗೆ ತಪ್ಪದೆ ತೋರಿಸಿ. ಕಲಬುರಗಿಯಲ್ಲಿದ್ದ ಬಹಮನಿ ರಾಜಧಾನಿಯನ್ನು 15ನೇ ಶತಮಾನದಲ್ಲಿ ಅಹ್ಮದ್ ಷಾ ಇಲ್ಲಿಗೆ ತಂದ. ಒಳಗೆ ರಂಗೀನ್ ಮಹಲಿಗೆ ಸಾಮಾನ್ಯವಾಗಿ ಬೀಗ ಇರುತ್ತದೆ. ಪುರಾತತ್ವ ಇಲಾಖೆಯ ಸಿಬ್ಬಂದಿಯನ್ನು ಹುಡುಕಿ ವಿನಯದಿಂದ ಕೇಳಿ, ನನಗೆ ತೆಗೆದು ತೋರಿಸಿದ್ದರು. ಕೆತ್ತನೆಯ ಮರದ ಕಂಬಗಳು ನಮ್ಮ ಕಡೆಯ ಹಳೇ ತೊಟ್ಟಿಮನೆ ನೆನಪಿಸುತ್ತವೆ, ಅಲ್ಲೇ ಪಕ್ಕದಲ್ಲಿ ಪರ್ಷಿಯಾ ಶೈಲಿಯ ಬಣ್ಣದ ಹೆಂಚು, ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಬಳ್ಳಿ. ಮೊಬೈಲಿನ ಬೆಳಕು ಬಿಟ್ಟರೆ ಚಿಪ್ಪು ಒಂದೊಂದು ಕಡೆಯಿಂದ ಒಂದೊಂದು ಬಣ್ಣ ತೋರಿಸುತ್ತದೆ. ಕೋಟೆಯೊಳಗೆ ನಡೆಯುವುದು ಜಾಸ್ತಿ, ಹಾಗಾಗಿ ಅಮ್ಮ ರಂಗೀನ್ ಮಹಲ್, ಸೋಲಾ ಖಂಬಾ ಮಸೀದಿ ಇಷ್ಟನ್ನೇ ನೋಡಲಿ.

ಮಧ್ಯಾಹ್ನ ಮಹಮೂದ್ ಗವಾನ್ ಮದರಸಾ. ಇರಾನಿನ ಗಿಲಾನಿನಿಂದ ಬಂದು ಇಲ್ಲಿ ವಜೀರನಾದವನು 1472ರಲ್ಲಿ ಕಟ್ಟಿಸಿದ ವಿದ್ಯಾಲಯ ಇದು. ವೈರಿಗಳು ಅವನ ಹೆಸರಿನಲ್ಲಿ ಹುಟ್ಟಿಸಿದ ಸುಳ್ಳು ಪತ್ರದಿಂದ ದ್ರೋಹದ ಆರೋಪ ಬಂದು 1481ರಲ್ಲಿ ಅವನ ತಲೆ ಹೋಯಿತು. ಔರಂಗಜೇಬನ ಕಾಲದಲ್ಲಿ ಒಳಗಿಟ್ಟಿದ್ದ ಮದ್ದು ಸಿಡಿದು ಮುಂಭಾಗದ ಅರ್ಧವೇ ಬಿದ್ದುಹೋಯಿತು. ಉಳಿದ ಒಂದು ಮಿನಾರಿನ ಮೇಲೆ ನೀಲಿ ಹೆಂಚು ಇನ್ನೂ ಅಲ್ಲಲ್ಲಿ ಅಂಟಿಕೊಂಡಿದೆ.

ಉತ್ತರ (ಬೀದರಿನವರು):
ನಮ್ಮೂರಿಗಿ ಬರ್ಲತ್ತೀರಿ ಅಂದ್ರ ಭಾಳ ಖುಷಿ ಆಯ್ತು ನೋಡ್ರಿ. ಅಷ್ಟೂರ ಮಾತ್ರ ಬಿಡಬ್ಯಾಡ್ರಿ. ಊರಿಂದ ಮೂರ್ನಾಕ ಕಿಲೋಮೀಟರ್, ಆಟೋ ಸಿಗ್ತಾವ. ಅಹ್ಮದ್ ಷಾ ವಲಿ ಗುಮ್ಮಟದ ಒಳಗ ಕತ್ತಲ ಇರ್ತದ. ಅಲ್ಲಿದ್ದವ್ರು ಬಾಗಿಲದಾಗ ಕನ್ನಡಿ ಹಿಡದು ಬಿಸಿಲು ಮ್ಯಾಲ ಬಿಡ್ತಾರ, ಆವಾಗ ಗುಮ್ಮಟದ ಒಳಗಿನ ಬಂಗಾರ, ಕೆಂಪು, ನೀಲಿ ಬಣ್ಣ ಎದ್ದು ಕಾಣ್ತಾವ. ಅದಕ್ಕ ಬಿಸಿಲಿದ್ದಾಗೇ ಹೋಗ್ಬೇಕು, ಸಂಜಿಗಿ ಹೋದ್ರ ಏನೂ ಕಾಣಲ್ಲ. ಬಾಜೂದಾಗೇ ಬಹಮನಿ ಸುಲ್ತಾನ ಹುಮಾಯೂನನ ಗೋರಿ ಅದ, ಅರ್ಧ ಒಡದದ್ದು. ಗುಮ್ಮಟದ ಗೋಡಿ ಎಷ್ಟು ದಪ್ಪ ಇರ್ತದ ಅಂಬೋದು ಹುಡುಗಿಗಿ ತೋರಸ್ರಿ.

ಇನ್ನೊಂದು ಮಾತು. ಈ ಅಹ್ಮದ್ ಷಾಗ ಮುಸ್ಲಿಮರು ವಲಿ, ಅಂದ್ರ ಸಂತ ಅಂತಾರ, ಲಿಂಗಾಯತರು ಅಲ್ಲಮಪ್ರಭು ಅಂತ ನಡಕೋತಾರ. ಹೋಳಿ ಆದ ಮ್ಯಾಲ ಉರುಸು. ಕಲಬುರಗಿ ಕಡೀಲಿಂದ ಮಾಡಿಯಾಳದ ಜಂಗಮರು ಮೆರವಣಿಗಿ ತಗೊಂಡು ಬಂದು ಗೋರಿ ಮುಂದ ಶಂಖ ಊದ್ತಾರ. ನಮಗದು ವಿಶೇಷ ಅಂತ ಅನಸೋದೇ ಇಲ್ಲ, ನಮ್ಮ ಅಜ್ಜ-ಮುತ್ಯಾರ ಕಾಲದಿಂದ ಹಂಗೇ ನಡದದ. ನಿಮ್ಮ ದಿನಕ್ಕ ಉರುಸು ಕೂಡಿ ಬಂದ್ರ ಬಾಕಿ ಎಲ್ಲಾ ಬಿಟ್ಟು ಅಲ್ಲಿಗೇ ಹೋಗ್ರಿ.

ಉತ್ತರ (ಚಿತ್ರಕಲಾ ಶಿಕ್ಷಕಿ, ಧಾರವಾಡ):
ಬಿದ್ರಿ ಕೆಲಸ ನೋಡದೆ ಬರಬೇಡಿ. ಶನಿವಾರ ಸಂಜೆ ಊರ ನಡುವಿನ ಹಳೇ ಕಾವಲು ಗೋಪುರ ಚೌಬಾರಾ ಸುತ್ತಿನ ಓಣಿಗಳಲ್ಲಿ ವಿಚಾರಿಸಿ. ಅಂಗಡಿಗಿಂತ ಕೆಲಸದ ಜಾಗದಲ್ಲಿ ಕೂತು ನೋಡಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಚಿತ್ತಾರ ಕೊರೆದು, ಆ ಗೀರಿಗೆ ಬೆಳ್ಳಿಯ ತಂತಿ ಬಡಿದು ಕೂರಿಸುತ್ತಾರೆ. ಆಗಲೂ ಸಾಮಾನು ಬೂದುಬಣ್ಣವೇ, ಬೆಳ್ಳಿ ಎಲ್ಲಿದೆ ಎಂದು ಗೊತ್ತೇ ಆಗುವುದಿಲ್ಲ. ಕೊನೆಗೆ ಹಳೇ ಕೋಟೆಯ ಮಣ್ಣು, ನವಸಾಗರ ಕಲಸಿದ ನೀರಿನಲ್ಲಿ ಹಾಕಿದಾಗ ಲೋಹ ಮಾತ್ರ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಮಣ್ಣು ಸರಿಯಿದೆಯೇ ಎಂದು ಕುಶಲಕರ್ಮಿಗಳು ನಾಲಿಗೆಗೆ ಇಟ್ಟು ನೋಡುತ್ತಾರೆ. ಮಕ್ಕಳಿಗೆ ಇದನ್ನು ಪುಸ್ತಕದಲ್ಲಿ ಹೇಳಿಕೊಡಲು ಆಗುವುದಿಲ್ಲ. ಚೌಕಾಸಿ ಮಾಡುವ ಮುನ್ನ ಒಂದು ಪುಟ್ಟ ಡಬ್ಬಿಯ ಹಿಂದೆ ಎಷ್ಟು ಕೈ ದುಡಿದಿವೆ ಎಂದು ಒಮ್ಮೆ ನೋಡಿ. ಮನೆಗೆ ತಂದಮೇಲೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಮೆತ್ತನೆ ಬಟ್ಟೆಗೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದರೆ ಸಾಕು.

ಮತ್ತೆ ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಬಸವಕಲ್ಯಾಣ ಕೈಬಿಟ್ಟೆವು. ಅಮ್ಮ ಝರಣಿ ನರಸಿಂಹಸ್ವಾಮಿ ದರ್ಶನ ಆಗಲೇಬೇಕು ಅನ್ನುತ್ತಿದ್ದಾರೆ.

ಉತ್ತರ (ಬೀದರಿನವರು):
ಅವ್ವಾರಿಗಿ ತ್ರಾಸ ಆಗ್ತದ್ರಿ. ಗವಿ ಒಳಗ ಎದಿಮಟ ನೀರಿನಾಗ ದೂರ ನಡೀಬೇಕು, ಕಾಲಾಗ ಏನದ ಅಂತ ಕಾಣಲ್ಲ. ಹುಡುಗಿನ್ನೂ ಇಳಸಬ್ಯಾಡ್ರಿ. ಹೊರಗ ನಿಂತೇ ಕೈ ಮುಗೀಲಿ.

ಅದರ ಬದ್ಲಿ ಅಷ್ಟೂರ ನೋಡಿ ಗುರುದ್ವಾರಕ್ಕ ಬರ್ರಿ. ಗುರು ನಾನಕರು ಬಂದಿದ್ದ ಜಾಗಾ, ಅವರಿಂದ ಹುಟ್ಟಿತು ಅಂತ ನಂಬೋ ಝರಿ ಇನ್ನೂ ಹರೀತದ. ಗುರು ಗೋಬಿಂದ್ ಸಿಂಗರು ಮೊದಲಿಗಿ ಖಾಲ್ಸಾ ದೀಕ್ಷಾ ಕೊಟ್ಟ ಐದು ಮಂದಿ, ಅಂದ್ರ ಸಿಖ್ಖರ ಪಂಜ್ ಪ್ಯಾರೇ ಒಳಗ ಒಬ್ಬರಾದ ಭಾಯಿ ಸಾಹೇಬ ಸಿಂಗ್ ನಮ್ಮ ಬೀದರದವ್ರೇ. ತಲಿ ಮ್ಯಾಲ ಬಟ್ಟಿ ಇರ್ಲಿ. ಲಂಗರದಾಗ ರೋಟಿ-ದಾಲ್ ಎಲ್ಲಾರಿಗೂ ನೀಡ್ತಾರ, ಅಲ್ಲೇ ಊಟ ಮುಗಸ್ರಿ. ಒಂದಕ್ಕ ಕಾರ್ ಹೊಂಟ್ರ ಹುಮನಾಬಾದ ಮ್ಯಾಲಿಂದ ನಾಕರ ಸುಮಾರಿಗಿ ಕಲಬುರಗಿ ಮುಟ್ತೀರಿ. ಸೀರಿ ಉಟ್ಕೊಂಡು ತಯಾರಾಗ್ಲಿಕ್ಕೂ ಟೈಮ್ ಸಿಗ್ತದ.